ಅಕ್ಷರ ಕಟ್ಟುವ ಕಾರ್ಖಾನೆ

ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ ಮತ್ತು ಮಾಗಡಿ ರಸ್ತೆಯ ಓಣಿಗಳಲ್ಲಿ ಒಂದೆರಡು ಲೇತ್ ಮಷಿನ್‌ಗಳನ್ನು ನೆಚ್ಚಿಕೊಂಡು ಬದುಕುವ ಸಣ್ಣ ಸಣ್ಣ ವರ್ಕ್‌ಶಾಪುಗಳಿವೆ. ಯಂತ್ರದ ಬಿಡಿಭಾಗವೊಂದನ್ನು ಮಾಡಿಸಲು ಅಲ್ಲಿಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ, "ಡ್ರಾಯಿಂಗ್ ಇದೆಯಾ?" ಎಂಬುದು. ಡ್ರಾಯಿಂಗ್ ಇದ್ದರೆ ಟರ್ನರ್ ಅದರ ಅಳತೆ ನೋಡಿ, ಲೋಹ ಆರಿಸಿ, ಕಡೆದು, ವರ್ನಿಯರ್ ಹಿಡಿದು ಪರೀಕ್ಷಿಸಿ ಕೊಡುತ್ತಾನೆ. ಇಲ್ಲದಿದ್ದರೆ ಸವೆದ ಭಾಗವನ್ನೇ ಅಳೆದು ಅಂದಾಜಿನ ಮೇಲೆ ಮಾಡಬೇಕು. ಅದೂ ಆಗದಿದ್ದರೆ ಕಂಪನಿ ಹೇಳಿದ ಬೆಲೆ ತೆತ್ತು ತರಬೇಕು.

ಕಂಪ್ಯೂಟರಿನ ತಂತ್ರಾಂಶಕ್ಕೂ ಇಂಥದೊಂದು ಡ್ರಾಯಿಂಗ್ ಇದೆ. ಅದನ್ನು ಸೋರ್ಸ್ ಕೋಡ್ ಎನ್ನುತ್ತಾರೆ. ಮನುಷ್ಯರು ಬರೆದ, ಮನುಷ್ಯರು ಓದಬಲ್ಲ ಪಾಠ ಅದು. ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ ಆ ಪಾಠವನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳನ್ನಾಗಿ ಮಾರ್ಪಡಿಸುತ್ತದೆ. ನಾವು ಅಂಗಡಿಯಿಂದ ತರುವುದು, ಮೊಬೈಲಿಗೆ ಇಳಿಸಿಕೊಳ್ಳುವುದು ಹೆಚ್ಚಾಗಿ ಈ ಎರಡನೆಯ ರೂಪವನ್ನು. ಅದು ಕೆಲಸ ಮಾಡುತ್ತದೆ, ಆದರೆ ಕೆಟ್ಟರೆ ತಿದ್ದಲು ಬಾರದು. ಸೋರ್ಸ್ ಕೋಡ್ ತಂದು, ನಮ್ಮದೇ ಯಂತ್ರದಲ್ಲಿ ಕಟ್ಟಿ, ಪರೀಕ್ಷಿಸಿ ಬಳಸುವ ಒಂದು ಸಂಪ್ರದಾಯ ಅರ್ಧ ಶತಮಾನದಿಂದ ನಡೆದುಬಂದಿದೆ. ಎಂಜಿನಿಯರುಗಳ ಒಣ ವ್ಯವಹಾರದಂತೆ ಕಾಣುವ ಈ ಚರಿತ್ರೆಗೂ ಕನ್ನಡ, ಉರ್ದು ಅಕ್ಷರಗಳ ಭವಿಷ್ಯಕ್ಕೂ ನೇರ ಸಂಬಂಧವಿದೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸತೊಡಗಿದರು. ಮುಂದೆ ರಿಚಿ ಸಿ ಎಂಬ ಭಾಷೆಯನ್ನು ಕಟ್ಟಿದರು. 1973ರಲ್ಲಿ ಯೂನಿಕ್ಸನ್ನು ಆ ಭಾಷೆಯಲ್ಲೇ ಮತ್ತೆ ಬರೆಯಲಾಯಿತು. ಇದರಿಂದಾಗಿ ಒಂದು ಯಂತ್ರಕ್ಕಾಗಿ ಬರೆದದ್ದನ್ನು ಇನ್ನೊಂದು ಬಗೆಯ ಯಂತ್ರದಲ್ಲೂ ಕಂಪೈಲ್ ಮಾಡುವುದು ಸಾಧ್ಯವಾಯಿತು. ಬೆಲ್ ಪ್ರಯೋಗಾಲಯದ ಒಡೆಯನಾದ ಎಟಿ ಅಂಡ್ ಟಿ ದೂರವಾಣಿ ಕಂಪನಿ 1956ರ ನ್ಯಾಯಾಲಯದ ಒಪ್ಪಂದವೊಂದಕ್ಕೆ ಕಟ್ಟುಬಿದ್ದಿತ್ತು. ಹೀಗಾಗಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಮಾರಲಾಗದ ಸರಕನ್ನು ಅದು ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಸೋರ್ಸ್ ಕೋಡ್ ಸಮೇತ, ಟೇಪಿನಲ್ಲಿ ಕಳಿಸಿಕೊಟ್ಟಿತು. ಜೊತೆಗೆ ಬೆಂಬಲದ ಭರವಸೆ ಇರಲಿಲ್ಲ. ಕೆಟ್ಟರೆ ತಂದವರೇ ರಿಪೇರಿ ಮಾಡಿಕೊಳ್ಳಬೇಕಿತ್ತು. ಆ ಅನಿವಾರ್ಯತೆಯೇ ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಪಾಠಶಾಲೆಯಾಯಿತು.

ಆಸ್ಟ್ರೇಲಿಯಾದ ಅಧ್ಯಾಪಕ ಜಾನ್ ಲಯನ್ಸ್ ಯೂನಿಕ್ಸಿನ ಆರನೆಯ ಆವೃತ್ತಿಯ ಸೋರ್ಸ್ ಕೋಡನ್ನು ಅಚ್ಚು ಹಾಕಿಸಿ, ಅದಕ್ಕೆ ಸಾಲುಸಾಲಾಗಿ ವ್ಯಾಖ್ಯಾನ ಬರೆದು ತರಗತಿಯಲ್ಲಿ ಪಾಠ ಮಾಡಿದರು. 1979ರಲ್ಲಿ ಬಂದ ಏಳನೆಯ ಆವೃತ್ತಿಯ ಪರವಾನಗಿ ಇಂಥ ಪಾಠವನ್ನು ನಿಷೇಧಿಸಿತು. ಆ ವ್ಯಾಖ್ಯಾನ ಮಾತ್ರ ಝೆರಾಕ್ಸ್‌ನ ಝೆರಾಕ್ಸ್ ಆಗುತ್ತಾ ದೇಶದಿಂದ ದೇಶಕ್ಕೆ ದಾಟಿತು. ಅದು ಪುಸ್ತಕವಾಗಿ ಬಹಿರಂಗವಾಗಿ ಪ್ರಕಟವಾದದ್ದು 1996ರಲ್ಲಿ.

ತಂತ್ರಾಂಶಗಳು ದೊಡ್ಡದಾದಂತೆ ಕಟ್ಟುವ ಕೆಲಸವೂ ಜಟಿಲವಾಯಿತು. ನೂರಾರು ಕಡತಗಳಲ್ಲಿ ಒಂದನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಬೇರೆ ಯಾವ ಕಡತಗಳನ್ನು ಮತ್ತೆ ಕಂಪೈಲ್ ಮಾಡಬೇಕು ಎಂಬುದನ್ನು ನೆನಪಿಡುವುದೇ ಕಷ್ಟವಾಯಿತು. ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಒಂದು ದಿನ ಬೆಳಗ್ಗೆಯಿಂದ ಒಂದು ದೋಷಕ್ಕಾಗಿ ಹುಡುಕಾಡಿದರು. ದೋಷವನ್ನು ಅವರು ಆಗಲೇ ತಿದ್ದಿದ್ದರು, ಆದರೆ ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಅವರ ಗೋಳು ಕೇಳಿದ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ 'ಮೇಕ್' ಎಂಬ ಸಾಧನ ಬರೆದರು. ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು, ಹಳತಾದ ಭಾಗಗಳನ್ನಷ್ಟೇ ಗುರುತಿಸಿ ಮೇಕ್ ಮತ್ತೆ ಕಟ್ಟಿಸುತ್ತದೆ. ಯೂನಿಕ್ಸ್ ಜಗತ್ತಿನಲ್ಲಿ ತಂತ್ರಾಂಶ ಕಟ್ಟುವ ಕ್ರಮ ಮುಂದೆ ನಾಲ್ಕು ಹೆಜ್ಜೆಗಳಲ್ಲಿ ನೆಲೆಗೊಂಡಿತು. 'ಕಾನ್ಫಿಗರ್' ನಮ್ಮ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ತಪಾಸಣೆ ಮಾಡುತ್ತದೆ. 'ಮೇಕ್' ಕಟ್ಟುತ್ತದೆ. 'ಮೇಕ್ ಚೆಕ್' ಕಟ್ಟಿದ್ದನ್ನು ಪರೀಕ್ಷಿಸುತ್ತದೆ. 'ಮೇಕ್ ಇನ್‌ಸ್ಟಾಲ್' ಅದನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ಅವಸರದಲ್ಲಿದ್ದವರು ಸುಲಭವಾಗಿ ಬಿಟ್ಟುಬಿಡುವುದು ಮೂರನೆಯ ಹೆಜ್ಜೆಯನ್ನು.

ಪರೀಕ್ಷೆಯ ಮಹತ್ವವನ್ನು ಅಕ್ಷರಲೋಕದಲ್ಲೇ ತೋರಿಸಿಕೊಟ್ಟವರು ಡೊನಾಲ್ಡ್ ಕ್ನೂತ್. ಪುಟಗಳನ್ನು ಚೆಂದವಾಗಿ ಜೋಡಿಸುವ ಟೆಕ್ ಎಂಬ ತಂತ್ರಾಂಶದ ಜೊತೆಗೆ ಅವರು 'ಟ್ರಿಪ್' ಎಂಬ ಪರೀಕ್ಷೆಯನ್ನೂ ಬರೆದರು. ಬುದ್ಧಿ ನೆಟ್ಟಗಿರುವ ಯಾರೂ ಬರೆಯದಂಥ ವಿಚಿತ್ರ ಪಠ್ಯ ಅದು. ತಂತ್ರಾಂಶವನ್ನು ಎಡವಿ ಬೀಳಿಸುವುದೇ ಅದರ ಉದ್ದೇಶ. ಟೆಕ್‌ನಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಕ್ನೂತ್ 2.56 ಡಾಲರಿನ ಚೆಕ್ ಕೊಡುತ್ತಿದ್ದರು. ಆ ಮೊತ್ತ ಇಮ್ಮಡಿಸುತ್ತಾ ಹೋಗಿ 327.68 ಡಾಲರಿಗೆ ನಿಂತಿತು.

1980ರ ಹೊತ್ತಿಗೆ ಕಂಪನಿಗಳು ಸೋರ್ಸ್ ಕೋಡಿಗೆ ಬೀಗ ಹಾಕತೊಡಗಿದ್ದವು. ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸುದ್ದಿ ಮುಟ್ಟಿಸುವಂತೆ ತಮ್ಮ ಪ್ರಿಂಟರಿನ ತಂತ್ರಾಂಶವನ್ನು ತಿದ್ದಲು ಹೊರಟರು. ಅದರ ಸೋರ್ಸ್ ಕೋಡ್ ಅವರಿಗೆ ಸಿಗಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. 1987ರಲ್ಲಿ ಅವರ ಮುಕ್ತ ಕಂಪೈಲರ್ ಹೊರಬಂತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದರು. ಯೂನಿಕ್ಸಿನಂಥದೇ ವ್ಯವಸ್ಥೆ ಈಗ ಬೀಗವಿಲ್ಲದೆ ಎಲ್ಲರಿಗೂ ದೊರಕುವಂತಾಯಿತು.

ಆ ಅಲೆ ಬೆಂಗಳೂರನ್ನೂ ಮುಟ್ಟಿತು. 1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆ ಸಂಚಿಕೆಯ ಜೊತೆಗೆ ಲಿನಕ್ಸ್ ಸಿ.ಡಿ.ಯನ್ನು ಹಂಚಿತು. ಇಂಟರ್‌ನೆಟ್ ಟೆಲಿಫೋನ್ ತಂತಿಯಲ್ಲಿ ತೆವಳುತ್ತಿದ್ದ ಕಾಲದಲ್ಲಿ ಅದು ದೊಡ್ಡ ಕೊಡುಗೆ. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಿಂದ ಇಲ್ಲಿ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ನಡೆಯಿತು. 2005ರಲ್ಲಿ ಹೆಸರು ಬದಲಾಯಿಸಿಕೊಂಡ ಅದು 2012ರವರೆಗೆ ಬಾಳಿತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು.

ಇದೇ ವರ್ಷಗಳಲ್ಲಿ ಕನ್ನಡ ಕಂಪ್ಯೂಟರಿನೊಳಗೆ ಜಾಗ ಹುಡುಕುತ್ತಿತ್ತು. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಣೆಗೆ ಒಗ್ಗುವ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ'ಯನ್ನು ರೂಪಿಸಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಚಿಂತೆಯನ್ನು ಸಾಹಿತ್ಯದ ಚಿಂತೆಯಷ್ಟೇ ಗಂಭೀರವಾಗಿ ಹಚ್ಚಿಕೊಂಡಿದ್ದರು. ಈ ಎಲ್ಲರ ಋಣ ಕನ್ನಡದ ಮೇಲಿದೆ. ಆದರೆ ಆ ಕಾಲದ ಹೆಚ್ಚಿನ ತಂತ್ರಾಂಶಗಳು ಅಕ್ಷರದ ತುಂಡುಗಳಿಗೆ ತಮ್ಮ ತಮ್ಮ ಸಂಕೇತಗಳನ್ನು ಕೊಟ್ಟಿದ್ದವು. ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿದ ಕತೆಯನ್ನು ಬೇರೆ ತಂತ್ರಾಂಶವಿದ್ದ ಇನ್ನೊಂದು ಅಂಗಡಿಯಲ್ಲಿ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಬರುತ್ತಿದ್ದವು.

ಉರ್ದುವಿನ ಪಾಡು ಇನ್ನೂ ವಿಚಿತ್ರ. ಉರ್ದು ಬರೆಯುವ ನಸ್ತಾಲೀಕ್ ಶೈಲಿಯಲ್ಲಿ ಅಕ್ಷರಗಳು ಒಂದರ ಮೇಲೊಂದು ವಾಲುತ್ತಾ ಇಳಿಜಾರಿನಲ್ಲಿ ಹರಿಯುತ್ತವೆ. ಅಚ್ಚುಮೊಳೆಗೆ ಅದು ಜಗ್ಗಲಿಲ್ಲ. ಹಾಗಾಗಿ ಉರ್ದು ಪತ್ರಿಕೆಗಳನ್ನು ದಶಕಗಳ ಕಾಲ ಕಾತಿಬರು ಕೈಯಲ್ಲೇ ಬರೆದು ಕೊಡುತ್ತಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಅಕ್ಷರಗಳ ಸಾವಿರಾರು ಜೋಡಣೆಗಳನ್ನು ಒಂದೊಂದಾಗಿ ಬರೆದು, ಮಾನೋಟೈಪ್ ಕಂಪನಿಯ ಯಂತ್ರಕ್ಕೆ ನೂರಿ ನಸ್ತಾಲೀಕನ್ನು ಒದಗಿಸಿದರು. 1994ರಲ್ಲಿ ದೆಹಲಿಯಿಂದ ಬಂದ 'ಇನ್‌ಪೇಜ್' ಅದನ್ನು ಸಾಮಾನ್ಯ ಕಂಪ್ಯೂಟರಿಗೆ ಇಳಿಸಿತು. ಕಾತಿಬರ ಕಸುಬು ಕೆಲವೇ ವರ್ಷಗಳಲ್ಲಿ ಮುಗಿಯಿತು. ಅವರ ಜಾಗಕ್ಕೆ ಬಂದ ತಂತ್ರಾಂಶವೂ ಬೀಗ ಹಾಕಿದ ಪೆಟ್ಟಿಗೆಯೇ ಆಗಿತ್ತು.

ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿ 1991ರಲ್ಲಿ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ಸಾಮಾನ್ಯ ಬಳಕೆದಾರರ ಪರದೆಗೆ ತಂದಿತು. ಆದರೆ ಸಂಕೇತವಿದ್ದರೆ ಸಾಲದು. ಯೂನಿಕೋಡ್ 'ಕ್ಷ'ವನ್ನು ಒಂದು ಅಕ್ಷರವಾಗಿ ಇಟ್ಟುಕೊಂಡಿಲ್ಲ. ಅಲ್ಲಿರುವುದು ಕ, ಹಲಂತ, ಷ ಎಂಬ ಸರಣಿ ಮಾತ್ರ. 'ಸೂರ್ಯ' ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಅರ್ಕಾವೊತ್ತು ಯಕಾರದ ನಂತರ ಕೂರುತ್ತದೆ. 'ರ‍್ಯಾಂಕ್' ಎಂದು ಬರೆಯುವಾಗ ಅದೇ ರಕಾರ ಅರ್ಕಾವೊತ್ತಾಗದೆ ಪೂರ್ತಿಯಾಗಿ ಮೊದಲೇ ನಿಲ್ಲಬೇಕು. ಅದನ್ನು ಸೂಚಿಸಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸಬೇಕು. ಸರಣಿಯನ್ನು ಓದಿ ಯಾವ ಒತ್ತು ಎಲ್ಲಿ ಕೂರಬೇಕೆಂದು ನಿರ್ಧರಿಸುವ ತಂತ್ರಾಂಶವೇ ಬೇರೆ. ಕಾತಿಬನ ಕೈ, ಮೊಳೆ ಜೋಡಿಸುವವನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಅದು ಮಾಡುತ್ತದೆ.

ಮುಕ್ತ ಜಗತ್ತಿನಲ್ಲಿ ಈ ಕೆಲಸ ಮಾಡುವ ತಂತ್ರಾಂಶದ ಹೆಸರು 'ಹರ್ಫ್‌ಬಜ್'. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಅದರ ಮುಖ್ಯ ಶಿಲ್ಪಿ. ಹೆಸರು ಫಾರಸಿಯದು. 'ಹರ್ಫ್' ಎಂದರೆ ಅಕ್ಷರ, 'ಬಾಜ್' ಎಂದರೆ ತೆರೆದದ್ದು. ಓಪನ್‌ಟೈಪ್ ಎಂಬ ಫಾಂಟ್ ತಂತ್ರಜ್ಞಾನದ ಹೆಸರನ್ನು ಅವರು ಹೀಗೆ ಅನುವಾದಿಸಿದರು. ಉರ್ದು ಬಲ್ಲವರ ಕಿವಿಗೆ ಮಾತ್ರ ಅದು ಪತಂಗ್‌ಬಾಜ್ ಎಂಬ ಹಾಗೆ, ಅಕ್ಷರಗಳ ಆಟದಲ್ಲಿ ಪಳಗಿದವನು ಎಂದೂ ಕೇಳುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಫೋನ್, ಲಿಬ್ರೆ ಆಫೀಸ್ ಇವೆಲ್ಲದರೊಳಗೆ ಅಕ್ಷರ ಜೋಡಿಸುವುದು ಇದೇ ಹರ್ಫ್‌ಬಜ್. ಒಂದೇ ಸೋರ್ಸ್ ಕೋಡ್ ಕನ್ನಡದ ಒತ್ತಕ್ಷರವನ್ನೂ ಉರ್ದುವಿನ ನಸ್ತಾಲೀಕನ್ನೂ ಕಟ್ಟುತ್ತದೆ.

ಅದನ್ನು ಪರೀಕ್ಷಿಸಿದ ಬಗೆ ನಮಗೆ ಮುಖ್ಯ. 2012ರ ಸುಮಾರಿಗೆ ಭಾರತೀಯ ಲಿಪಿಗಳ ಭಾಗವನ್ನು ಬರೆಯುವಾಗ ಎಸ್ಫಹಬೋದ್ ಆಯಾ ಭಾಷೆಯ ವಿಕಿಪೀಡಿಯಾದಿಂದ ಪದಗಳನ್ನು ಹೆಕ್ಕಿದರು. ಕನ್ನಡದ್ದೇ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಪದರೂಪಗಳು. ಪ್ರತಿ ಪದವನ್ನೂ ಹರ್ಫ್‌ಬಜ್ ಹೇಗೆ ಜೋಡಿಸುತ್ತದೆ, ಮೈಕ್ರೋಸಾಫ್ಟಿನ ಯೂನಿಸ್ಕ್ರೈಬ್ ಹೇಗೆ ಜೋಡಿಸುತ್ತದೆ ಎಂದು ತಾಳೆ ನೋಡಿದರು. ಕೋಡಿನಲ್ಲಿ ಒಂದು ಸಾಲು ಬದಲಾದಾಗಲೂ ಎಲ್ಲ ಭಾಷೆಗಳ ಲೆಕ್ಕ ಮತ್ತೆ ತೆಗೆಯುತ್ತಿದ್ದರು. ಕನ್ನಡದಲ್ಲಿ ತಾಳೆಯಾಗದೆ ಉಳಿದ ಪದಗಳು ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿದವು. ಒತ್ತಕ್ಷರಗಳ ಗೋಜಲು ಕಡಿಮೆ ಇರುವ ತಮಿಳಿನಲ್ಲಿ ಸುಮಾರು ಹತ್ತು ಲಕ್ಷ ತೊಂಬತ್ತು ಸಾವಿರ ಪದಗಳಲ್ಲಿ ಒಂದೇ ಒಂದು ಉಳಿಯಿತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾದಲ್ಲಿ ಸಂಬಳವಿಲ್ಲದೆ ಲೇಖನ ಬರೆದವರು ತಮಗೆ ಅರಿವಿಲ್ಲದಂತೆಯೇ ಈ ಪರೀಕ್ಷೆಗೆ ಸರಕು ಒದಗಿಸಿದ್ದರು. ಇದು ಸಂತೋಷದ ಸಂಗತಿ. ಆದರೆ 'ಸರಿ' ಎಂಬುದಕ್ಕೆ ಅಲ್ಲಿ ಅಳತೆಗೋಲಾದದ್ದು ಒಂದು ಕಂಪನಿಯ ಮುಚ್ಚಿದ ತಂತ್ರಾಂಶ. ಅದು ತಪ್ಪಿದ ಕಡೆ ಇದೂ ತಪ್ಪಿದರೆ ಲೆಕ್ಕದಲ್ಲಿ ಪಾಸು. ಕನ್ನಡದ ಪದ ಹೀಗೆಯೇ ಕಾಣಬೇಕು ಎಂದು ಹೇಳಬೇಕಾದ ಕನ್ನಡಿಗರು ಆ ಪರೀಕ್ಷೆಯಲ್ಲಿ ಪರೀಕ್ಷಕರಾಗಿರಲಿಲ್ಲ.

ಪಟ್ಟಿಯಲ್ಲಿ ಇಲ್ಲದ ಪದದ ಗತಿಯೇನು? ನಮ್ಮ ಮನೆಗಳ ಹೆಸರುಗಳನ್ನೇ ನೋಡಿ. ಜ಼ುಬೇದಾ, ಫ಼ಾತಿಮಾ, ನಜ಼ೀರ್ ಎಂಬವುಗಳ ಧ್ವನಿಯನ್ನು ಕನ್ನಡದಲ್ಲಿ ಹಿಡಿಯಲು ಅಕ್ಷರದ ಕೆಳಗೆ ಚುಕ್ಕೆಗಳನ್ನು ಇಡುವ ರೂಢಿಯಿದೆ. ಈ ನುಕ್ತಾ ಚಿಹ್ನೆ ಕನ್ನಡದ ಯೂನಿಕೋಡಿಗೆ ಸೇರಿದ್ದು 2003ರಲ್ಲಿ, ಲಿಪಿ ಸೇರಿದ ಹನ್ನೆರಡು ವರ್ಷಗಳ ನಂತರ. ಕಂಪ್ಯೂಟರಿಗೆ 'ಜ' ಬೇರೆ, ನುಕ್ತಾ ಸೇರಿದ 'ಜ಼' ಬೇರೆ. ಒಂದು ದಾಖಲೆಯಲ್ಲಿ ನುಕ್ತಾ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಈ ವ್ಯತ್ಯಾಸವನ್ನು ಮನಗಾಣದ ತಂತ್ರಾಂಶ ಒಬ್ಬರನ್ನೇ ಇಬ್ಬರೆಂದು ಎಣಿಸುತ್ತದೆ. ನುಕ್ತಾ, ಕೊಂಬು, ದೀರ್ಘಗಳ ಕ್ರಮ ತಪ್ಪಿದರೆ ಹೆಸರಿನ ನಡುವೆ ಚುಕ್ಕೆಗಳ ವೃತ್ತವೊಂದು ಮೂಡುತ್ತದೆ. ಪಡಿತರ ಚೀಟಿ, ಮತದಾರರ ಪಟ್ಟಿ, ಅಂಕಪಟ್ಟಿಗಳಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೆ ಎಷ್ಟು ಕಚೇರಿ ಅಲೆಯಬೇಕು ಎಂಬುದನ್ನು ಬಡವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಮುಕ್ತ ತಂತ್ರಾಂಶದಲ್ಲಿ ಇಂಥ ದೋಷವನ್ನು ತಿದ್ದಲು ದಾರಿಯಿದೆ. ಲಿಬ್ರೆ ಆಫೀಸಿನ ಚರಿತ್ರೆಯೇ ಇದಕ್ಕೆ ಉದಾಹರಣೆ. ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್ ಆಫೀಸನ್ನು 1999ರಲ್ಲಿ ಸನ್ ಕಂಪನಿ ಕೊಂಡು, 2000ದಲ್ಲಿ ಅದರ ಸೋರ್ಸ್ ಕೋಡನ್ನು ಓಪನ್ ಆಫೀಸ್ ಹೆಸರಿನಲ್ಲಿ ಬಿಚ್ಚಿಟ್ಟಿತು. 2010ರಲ್ಲಿ ಸ್ವಯಂಸೇವಕರು ಅದನ್ನು ಕವಲೊಡೆಸಿ ಲಿಬ್ರೆ ಆಫೀಸ್ ಕಟ್ಟಿದರು. ಲಕ್ಷಗಟ್ಟಲೆ ಸಾಲುಗಳ ಆ ಕೋಡಿನಲ್ಲಿ ಎಷ್ಟೋ ಟಿಪ್ಪಣಿಗಳು ಜರ್ಮನ್ ಭಾಷೆಯಲ್ಲಿದ್ದವು. ಅವನ್ನು ಇಂಗ್ಲಿಷಿಗೆ ಅನುವಾದಿಸುವುದೇ ಹೊಸಬರಿಗೆ ಕೊಡುತ್ತಿದ್ದ ಮೊದಲ ಕೆಲಸಗಳಲ್ಲೊಂದು. ಇಡೀ ಪ್ಯಾಕೇಜನ್ನು ಸಾಧಾರಣ ಕಂಪ್ಯೂಟರಿನಲ್ಲಿ ಕಟ್ಟಲು ಗಂಟೆಗಟ್ಟಲೆ ಹಿಡಿಯುತ್ತದೆ. ನಂತರ ಪರೀಕ್ಷೆಗಳ ಸಾಲು. ಒಮ್ಮೆ ತಿದ್ದಿದ ದೋಷ ಮತ್ತೆ ತಲೆಯೆತ್ತಬಾರದೆಂದು ಪ್ರತಿ ದೋಷಕ್ಕೂ ಒಂದು ಪರೀಕ್ಷೆ ಬರೆದಿಡುವುದು ಅಲ್ಲಿನ ಶಿಸ್ತು. 2013ರಲ್ಲಿ ಲಿನಕ್ಸಿನಲ್ಲೂ 2017ರಲ್ಲಿ ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಅದು ಅಕ್ಷರ ಜೋಡಣೆಗೆ ಹರ್ಫ್‌ಬಜನ್ನು ಒಪ್ಪಿಕೊಂಡಿತು. ಅಲ್ಲಿಂದಾಚೆಗೆ ಹರ್ಫ್‌ಬಜ್‌ನಲ್ಲಿ ಕನ್ನಡದ ಒಂದು ದೋಷ ತಿದ್ದಿದರೆ ಅದರ ಫಲ ಮೊಬೈಲಿಗೂ ಬ್ರೌಸರಿಗೂ ಕಚೇರಿಯ ಕಡತಕ್ಕೂ ತಲುಪುತ್ತದೆ. ಕನ್ನಡಿಗರೂ ಈ ದಾರಿಯಲ್ಲಿ ನಡೆದಿದ್ದಾರೆ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಹೊರಬಂದು, ಜಗತ್ತಿನಾದ್ಯಂತ ಬಳಕೆಯಲ್ಲಿರುವ ಡೆಬಿಯನ್ ಲಿನಕ್ಸಿನ ಭಂಡಾರ ಸೇರಿವೆ.

ಹಾಗೆಂದು ಸೋರ್ಸ್ ಕೋಡ್ ಬಯಲಿನಲ್ಲಿದೆ ಎಂಬ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಕಂಪೈಲರಿನಲ್ಲೇ ಮೋಸ ಅಡಗಿದ್ದರೆ, ಸೋರ್ಸ್ ಕೋಡ್ ಎಷ್ಟು ಶುದ್ಧವಾಗಿದ್ದರೂ ಕಟ್ಟಿದ ತಂತ್ರಾಂಶ ಕಳ್ಳಬಾಗಿಲು ಹೊತ್ತುಕೊಂಡೇ ಬರಬಹುದು. ಇದಕ್ಕೆ ಮದ್ದೆಂದು ಡೆಬಿಯನ್ ಬಳಗ 2013ರಿಂದ ಒಂದೇ ಸೋರ್ಸ್ ಕೋಡನ್ನು ಬೇರೆಬೇರೆ ಕಡೆ ಕಟ್ಟಿ, ಫಲ ಅಕ್ಷರಶಃ ಒಂದೇ ಇದೆಯೇ ಎಂದು ಹೋಲಿಸುವ ಪದ್ಧತಿಯನ್ನು ಬೆಳೆಸಿತು. ಹಸ್ತಪ್ರತಿ ನಕಲು ಮಾಡುವವರು ಮೂಲದೊಂದಿಗೆ ಮುಕಾಬಲಾ ಮಾಡಿ ತಾಳೆ ನೋಡುತ್ತಿದ್ದ ಹಳೆಯ ಕ್ರಮವೇ ಇದು.

ಥಾಂಪ್ಸನ್ ಊಹಿಸಿದ್ದಕ್ಕೆ ಹತ್ತಿರದ ಘಟನೆಯೊಂದು 2024ರಲ್ಲಿ ನಡೆಯಿತು. ಎಕ್ಸ್‌ಜಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಸಣ್ಣ ಸಾಧನ. ಲಿನಕ್ಸ್ ಜಗತ್ತಿನಲ್ಲಿ ಅದು ಇಲ್ಲದ ಕಡೆ ಕಡಿಮೆ. ಅದನ್ನು ಫಿನ್ಲೆಂಡಿನ ಲಾಸ್ಸೆ ಕೊಲಿನ್ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಬಂದವರೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಕೊನೆಗೆ ಕಳ್ಳಬಾಗಿಲು ಕೂರಿಸಿದರು. ಅದನ್ನು ಬಚ್ಚಿಟ್ಟದ್ದು ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ. ಕೆಟ್ಟ ಕಡತ ಕೊಟ್ಟರೆ ಸಾಧನ ಹೇಗೆ ವರ್ತಿಸುತ್ತದೆ ಎಂದು ನೋಡಲು ಬೇಕೆಂದೇ ಕೆಡಿಸಿದ ಕಡತಗಳನ್ನು ಯಾರೂ ತೆರೆದು ಓದುವುದಿಲ್ಲವಲ್ಲ! ಅದನ್ನು ಹೊರಗೆಳೆದು ಜೋಡಿಸುವ ಸಾಲುಗಳು ಎಲ್ಲರೂ ನೋಡುವ ಸೋರ್ಸ್ ಕೋಡ್ ಭಂಡಾರದಲ್ಲಿರಲಿಲ್ಲ. ಕಟ್ಟಲೆಂದು ಬಿಡುಗಡೆ ಮಾಡಿದ ಕಟ್ಟಿನಲ್ಲಿ ಮಾತ್ರ ಇದ್ದವು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದ ಆಂಡ್ರೆಸ್ ಫ್ರೋಯಿಂಡ್, ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಕಾರಣ ಹುಡುಕುತ್ತಾ ಹೋಗಿ, ಮಾರ್ಚ್ 29ರಂದು ಇದನ್ನು ಬಯಲು ಮಾಡಿದರು. ಅದು ಬಹುಪಾಲು ಸರ್ವರುಗಳನ್ನು ಮುಟ್ಟುವ ಮೊದಲೇ ಸಿಕ್ಕಿಬಿತ್ತು.

ಒಬ್ಬ ಮನುಷ್ಯನ ಅನುಮಾನ ಅಷ್ಟು ದೊಡ್ಡ ಅಪಾಯವನ್ನು ತಪ್ಪಿಸಿತು. ಆದರೆ ಅನುಮಾನ ಬಂದಾಗ ಬಿಚ್ಚಿ ನೋಡಲು ಅವನ ಮುಂದೆ ಸೋರ್ಸ್ ಕೋಡ್ ಇತ್ತು, ಕಟ್ಟಿ ನೋಡುವ ಅಭ್ಯಾಸವೂ ಇತ್ತು ಎಂಬುದನ್ನು ಮರೆಯಬಾರದು. ಎರಡರಲ್ಲಿ ಒಂದಿಲ್ಲದಿದ್ದರೂ ಅನುಮಾನ ಅನುಮಾನವಾಗಿಯೇ ಉಳಿಯುತ್ತಿತ್ತು.

ಕನ್ನಡಕ್ಕೆ, ಉರ್ದುವಿಗೆ ಈಗ ಮೊದಲನೆಯದು ದಕ್ಕಿದೆ. ಎರಡನೆಯದು ಸಾಲದು. ಕೆಂಗೇರಿಯ ಕಡೆಗೆ ಹೋಗುವ ಮೈಸೂರು ರಸ್ತೆಯುದ್ದಕ್ಕೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ವಿಷಯ ಹುಡುಕುವ ಮಕ್ಕಳು ಅಲ್ಲಿ ಸಾವಿರಾರು. ಹರ್ಫ್‌ಬಜ್ ಕಟ್ಟಲು ದೊಡ್ಡ ಯಂತ್ರ ಬೇಕಿಲ್ಲ. ಪರೀಕ್ಷೆಯೊಂದನ್ನು ಸೇರಿಸುವುದೆಂದರೆ ಒಂದು ಪದ, ಅದ್ಯಾವ ಫಾಂಟಿನಲ್ಲಿ ಹೇಗೆ ಕಾಣಬೇಕು ಎಂಬುದನ್ನು ಸೂಚಿಸುವ ಒಂದು ಸಾಲು ಬರೆಯುವುದು ಅಷ್ಟೇ. ಆ ಸಾಲಿಗೆ ಪದ ಒದಗಿಸಲು ಸಿ ಭಾಷೆ ಬರಬೇಕಾಗಿಲ್ಲ. ಕನ್ನಡ ಮೇಷ್ಟ್ರು, ಉರ್ದು ಉಸ್ತಾದ್, ಕರಡು ತಿದ್ದುವವರು, ಕೆಲಸ ಬಿಟ್ಟು ಮನೆಯಲ್ಲಿ ಕೂತ ಹಳೆಯ ಕಾತಿಬ್, ಇವರ ಕಣ್ಣು ಹಿಡಿಯುವ ತಪ್ಪನ್ನು ಯಾವ ಯೂನಿಸ್ಕ್ರೈಬೂ ಹಿಡಿಯಲಾರದು. ಇವರು ಒಂದು ಸಂಜೆ ಆ ಮಕ್ಕಳ ಪಕ್ಕದಲ್ಲಿ ಕೂತು ತಮಗೆ ಗೊತ್ತಿರುವ ಕಷ್ಟದ ಒತ್ತಕ್ಷರಗಳನ್ನು, ತಮ್ಮ ಓಣಿಯ ಜನರ ಹೆಸರುಗಳನ್ನು ಪಟ್ಟಿ ಮಾಡಿಕೊಟ್ಟರೆ, ಮುಂದಿನ ಸಲ ಎಲ್ಲೋ ದೂರದ ದೇಶದಲ್ಲಿ ಯಾರೋ ಕೋಡಿನ ಒಂದು ಸಾಲು ಬದಲಾಯಿಸಿ ಪರೀಕ್ಷೆಗಳನ್ನು ನಡೆಸಿದಾಗ, ಜ಼ುಬೇದಾ ಎಂಬ ಹೆಸರು ಸರಿಯಾಗಿ ಬಂತೇ ಎಂದು ಯಂತ್ರ ತಾನಾಗಿಯೇ ನೋಡುತ್ತದೆ. ಬರದಿದ್ದರೆ ಆ ಬದಲಾವಣೆ ಅಲ್ಲೇ ನಿಲ್ಲುತ್ತದೆ.